ಅಕ್ಕನ ಸೊಪ್ಪಿನ ಪಥ್ಯ

ಕೆ.ಆರ್. ನಗರದ ಒಂದು ಮೆಡಿಕಲ್ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಮಾತ್ರೆ ಕೊಡುತ್ತಿದ್ದೇನೆ. ನಮ್ಮ ನೆಂಟರ ಪಾಲಿಗೆ ನಾನು ಅರ್ಧ ಡಾಕ್ಟರು. ನನ್ನ ಪಾಲಿಗೆ ಮುಕ್ಕಾಲು.

ಭೇರ್ಯದ ಹತ್ತಿರದ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದ ನನ್ನ ಅಕ್ಕನಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರತೊಡಗಿತು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿ, ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ರಕ್ತ ತೆಳುವಾಗಲು ಮಾತ್ರೆ ಬರೆದರು. ಸೊಪ್ಪು ಹೆಚ್ಚು ತಿಂದರೆ ಮಾತ್ರೆ ನಾಟುವುದಿಲ್ಲ, ಮಿತವಾಗಿರಲಿ ಎಂದರು. ಊರು ಮುಟ್ಟುವಷ್ಟರಲ್ಲಿ ನಾನು ಅದನ್ನು ಸೊಪ್ಪು ಮುಟ್ಟಲೇಬಾರದು ಎಂದು ಮಾಡಿಬಿಟ್ಟಿದ್ದೆ.

ಸೊಪ್ಪು ಬೇಯಿಸಿ ಮಾಡುವ ಬಸ್ಸಾರು, ಮಸ್ಸೊಪ್ಪು ಇಲ್ಲದಿದ್ದರೆ ಅದು ಊಟವೇ ಅಲ್ಲ ಎನ್ನುವ ಹೆಂಗಸು ಏಳು ತಿಂಗಳು ತಿಳಿಸಾರಿನಲ್ಲಿ ಮುದ್ದೆ ನುಂಗಿದಳು. ಭಾನುವಾರ ಭಾನುವಾರ ಹೋಗಿ ಅವಳ ಅಡುಗೆಮನೆಯ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದೆ. ಪೊಲೀಸರೂ ಹಾಗೆ ನೋಡುವುದಿಲ್ಲ.

ಆದರೂ ಏದುಸಿರು ಜಾಸ್ತಿಯಾಯಿತು. ಎರಡನೇ ಸ್ಕ್ಯಾನಿನಲ್ಲಿ ಹೆಪ್ಪು ಕರಗುವ ಬದಲು ಬೆಳೆದಿತ್ತು. "ಕದ್ದು ತಿಂದಿದ್ದೀಯ ನೀನು. ಸುಳ್ಳೇಳ್ಬ್ಯಾಡ ಕಣಕ್ಕ," ಎಂದು ಭಾವನ ಎದುರಿಗೇ ಕೂಗಾಡಿದೆ. ಅವಳು ತಲೆ ತಗ್ಗಿಸಿ ಕೂತಳು. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ನೋಡುವ ರಕ್ತಪರೀಕ್ಷೆ ಪ್ರತಿ ತಿಂಗಳೂ ಸರಿಯಾಗೇ ಬಂದಿತ್ತು. ಆ ಚೀಟಿಗಳು ನನ್ನ ಜೇಬಿನಲ್ಲೇ ಇದ್ದವು. ಓದಿಯೂ ನಾನು ಯೋಚಿಸಲಿಲ್ಲ.

ಯೋಚಿಸಿದ್ದು ಇನ್ನೊಬ್ಬ ಡಾಕ್ಟರು. ಮಾತ್ರೆ ನಾಟುತ್ತಿದ್ದರೂ ಬೆಳೆಯುವ ಹೆಪ್ಪು ಎಂಥದ್ದು ಎಂದು ಅವರಿಗೆ ಅನುಮಾನ ಬಂತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಹೆಪ್ಪೇ ಅಲ್ಲ, ರಕ್ತನಾಳದ ಗೋಡೆಯಲ್ಲೇ ಹುಟ್ಟಿದ ಕ್ಯಾನ್ಸರ್ ಗಡ್ಡೆ. ತೀರಾ ಅಪರೂಪದ್ದು, ಸ್ಕ್ಯಾನಿನಲ್ಲಿ ಹೆಪ್ಪಿನಂತೆಯೇ ಕಾಣುತ್ತದಂತೆ. ಆಪರೇಷನ್ ಮಾಡುವ ಹೊತ್ತು ಮೀರಿತ್ತು. ಬೈಯಲು ಯಾರೂ ಸಿಗಲಿಲ್ಲ, ಮಾಡಲು ಏನೂ ತೋಚಲಿಲ್ಲ.

ಅಕ್ಕನ ಮಂಚದ ಪಕ್ಕ ಕೂತು, "ಸೊಪ್ಪಿಗೂ ಇದಕ್ಕೂ ಸಂಬಂಧ ಇಲ್ಲ ಕಣಕ್ಕ. ತಪ್ಪು ನಂದೇ," ಎಂದೆ.

ಅವಳು ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿದಳು. "ಒಂದಿನ ತಿಂದಿದ್ದೆ ಕಣ್ಲಾ. ವಾರಗಿತ್ತಿ ಮನೇಲಿ, ಒಂದೇ ಸೌಟು ಬಸ್ಸಾರು. ನೀನು ಬೈತೀಯ ಅಂತ ಏಳ್ನಿಲ್ಲ. ಅದ್ಕೇ ಇಂಗಾಯ್ತು."

ಅಲ್ಲ ಎಂದು ಎಷ್ಟೋ ಬಗೆಯಲ್ಲಿ ಹೇಳಿದೆ. ಡಾಕ್ಟರ ಬಾಯಿಂದಲೂ ಹೇಳಿಸಿದೆ. ಅವರ ಮುಂದೆ ಹೂಂಗುಟ್ಟಿದಳು. ಅವರು ಆಚೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡು, "ನಿಮ್ ಭಾವಂಗೆ ಮಾತ್ರ ಏಳ್ಬ್ಯಾಡ ಕಣ್ಲಾ," ಎಂದಳು.