ಚಂದ್ರಿ ಹೊತ್ತ ಅಪವಾದ

ಕಳೆದ ಸೋಮವಾರ ನಾನು ಕಿರುಚಿದೆ. ರಂಗಂಪೇಟೆಯ ನಮ್ಮ ಓಣಿಯಲ್ಲಿ ನಾಲ್ಕು ಮನೆಗಳಾಚೆ ಕೇಳಿಸಿತಂತೆ. ಎದುರುಮನೆಯ ಶಾಂತಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಹಾವ ಬಂದದೇನ್ರಿ ಯವ್ವಾ?"

ಹಾವಲ್ಲ. ನನ್ನ ಮೊಮ್ಮಗಳು ಕಾವೇರಿ ನಾಯಿಮರಿಗೆ ಹಾಲು ಕುಡಿಸುತ್ತಿದ್ದಳು. ಅಷ್ಟೆ.

ಅಷ್ಟಕ್ಕೇ ಓಣಿ ಎದ್ದು ಕೂರುವಂತೆ ಕಿರುಚಬೇಕೆ? ಬೇರೆ ಬೇರೆ ಊರುಗಳಲ್ಲಿ ಓದುತ್ತಿರುವ ನನ್ನ ಉಳಿದ ಮೊಮ್ಮಕ್ಕಳು ಖಂಡಿತ ಕೇಳುತ್ತಾರೆ. (ವಾರವಾರ ನಾನು ಬರೆಯುವುದು ಅವರಿಗಾಗಿಯೇ. ನೀವೂ ಓದಿದರೆ ಬೇಡ ಅನ್ನುವುದಿಲ್ಲ.)

ನಮ್ಮದು ಬೇಟೆನಾಯಿ ಸಾಕುವ ಮನೆ. ತೆಳ್ಳನೆ ನಡು, ಉದ್ದ ಮೂತಿ, ಓಡಿದರೆ ಧೂಳಷ್ಟೇ ಕಾಣಬೇಕು. ತೊಗರಿ ಹೊಲಕ್ಕೆ ಹಂದಿ ನುಗ್ಗದಂತೆ, ಕುರಿಹಟ್ಟಿಗೆ ತೋಳ ಬಾರದಂತೆ ಕಾಯಲು ಶಹಾಪುರ, ಯಾದಗಿರಿ ಕಡೆಯ ಜನ ಬಂದು ಮರಿ ಒಯ್ಯುತ್ತಾರೆ. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಶುರು ಮಾಡಿದ ಕಸುಬು. ಈಗ ನನ್ನ ಮಗ, ಕಾವೇರಿಯ ಅಪ್ಪ ಬಸವರಾಜ ನಡೆಸುತ್ತಿದ್ದಾನೆ.

ಈ ಸಲ ನಮ್ಮ ರಾಣಿ ಎಂಟು ಮರಿ ಹಾಕಿದಳು. ಎಲ್ಲಕ್ಕಿಂತ ಸಣ್ಣದಕ್ಕೆ ಅಣ್ಣಂದಿರ ನೂಕಾಟದಲ್ಲಿ ಮೊಲೆ ಸಿಗುತ್ತಿರಲಿಲ್ಲ. ಕಾವೇರಿಗೆ ಕನಿಕರ. ಫೀಡಿಂಗ್ ಬಾಟಲ್ ತಂದಳು. ಮರಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಕೂಸಿಗೆ ಕುಡಿಸಿದಂತೆ ಬಾಯಿಗಿಟ್ಟಳು.

"ಹೊಳ್ಳಿಸು! ಹೊಟ್ಟಿ ಕೆಳಗ ಮಾಡಿ ಹಿಡಿ! ಸಾಯ್ತದ ಅದು!"

ಅಷ್ಟರಲ್ಲಿ ಮರಿಯ ಮೂಗಿನಿಂದ ಹಾಲು ಬಂದಾಗಿತ್ತು.

ನಾಯಿಮರಿ ಕುಡಿಯುವುದನ್ನು ನೋಡಿದ್ದೀರಾ? ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಮುಂಗಾಲಿನಿಂದ ಮೊಲೆ ಒತ್ತುತ್ತ, ತಲೆಯೆತ್ತಿ ಕುಡಿಯುತ್ತದೆ. ಅಂಗಾತ ಹಿಡಿದು ಕುಡಿಸಿದರೆ ಹಾಲು ಉಸಿರಿನ ದಾರಿ ಹಿಡಿಯುತ್ತದೆ. ಇದನ್ನು ನಾನು ಯಾರಿಂದಲೂ ಕೇಳಿ ಕಲಿತದ್ದಲ್ಲ.

ದೋರನಹಳ್ಳಿಯಲ್ಲಿ ನಾಲ್ಕನೆಯ ತರಗತಿ ಓದಿ ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಆಗ ಮನೆಯಲ್ಲಿದ್ದ ತಾಯಿನಾಯಿಯ ಹೆಸರು ಚಂದ್ರಿ. ಬೂದುಬಣ್ಣ, ಹಣೆಯ ಮೇಲೆ ಬಿಳಿ ಮಚ್ಚೆ. ಆ ದಿನಗಳನ್ನು ನೆನೆದರೆ ಈಗಲೂ ಮೂಗಿಗೆ ಆಡಿನ ಹಾಲಿನ ವಾಸನೆ ಬರುತ್ತದೆ. ಬೆಳಿಗ್ಗೆ ಎದ್ದು ಜೋಳದ ನುಚ್ಚು ಕುದಿಸುತ್ತಿದ್ದೆ. ಕಣ್ಣು ಬಿಟ್ಟು, ಕಾಲು ಬಲಿತ ಮರಿಗಳಿಗೆ ಅದನ್ನೇ ಹಾಲಿನಲ್ಲಿ ತೆಳ್ಳಗೆ ಕಲಸಿ ಗಂಗಾಳಕ್ಕೆ ಸುರಿದರೆ, ಅವು ಗಂಗಾಳದೊಳಗೇ ಇಳಿದು ನಿಂತು ತಿನ್ನುತ್ತಿದ್ದವು. ತಿನ್ನುವುದಕ್ಕಿಂತ ಮೈಗೆ ಬಳಿದುಕೊಳ್ಳುವುದೇ ಹೆಚ್ಚು.

"ನೋಡು, ಬೀಗರು ಊಟಕ್ಕ ಕುಂತಾರ! ಯಾರೂ ಏನೂ ಅನಬ್ಯಾಡ್ರಿ!" ಎಂದು ನಿಮ್ಮ ಮುತ್ಯಾ ಬಾಗಿಲಿಗೆ ಒರಗಿ ನಗುತ್ತಿದ್ದರು. ಹಾಗೆ ಹೊಟ್ಟೆ ಹಿಡಿದು ನಗುವ ಗಂಡಸರನ್ನು ಆಮೇಲೆ ನಾನು ಕಂಡಿಲ್ಲ.

ಒಂದು ಸಲ ಚಂದ್ರಿ ಒಂಬತ್ತು ಹಾಕಿದಳು. ಕೊನೆಯದು ನನ್ನ ಅಂಗೈಯಷ್ಟೂ ಇರಲಿಲ್ಲ. "ಸುರಪುರ ಸಂತಿಗಿ ಹೋಗಿ ಬರ್ತೀನಿ. ಇದಕ್ಕ ಮಧ್ಯಾಹ್ನ ಒಂಚೂರು ಹಾಲು ಹಾಕು" ಎಂದು ಹೇಳಿ ಅವರು ಹೋದರು. ಹೇಗೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. (ಕೂಸು ಹೆತ್ತವಳಿಗೆ ಹಾಲು ಕುಡಿಸುವುದನ್ನು ಹೇಳಿಕೊಡಬೇಕೆ?) ಬಸವರಾಜ ಆಗ ಕೈಕೂಸು. ಅವನಿಗೆ ಕುಡಿಸಿದಂತೆಯೇ ಗೋಡೆಗೆ ಒರಗಿ ಕಾಲು ಚಾಚಿದೆ. ಎರಡು ಕಾಲುಗಳ ನಡುವೆ ಮರಿಯನ್ನು ಅಂಗಾತ ಮಲಗಿಸಿದೆ. ಅವನ ಹಿತ್ತಾಳೆಯ ಒಳಲೆಯಿಂದಲೇ ಅದರ ಬಾಯಿಗೆ ಹಾಲು ಎರೆದೆ. ಮರಿ ಕಾಲು ಬಡಿಯಿತು. ಮೂಗಿನಿಂದ ಹಾಲು ಬಂತು. ಸೆರಗಿನಿಂದ ಒರೆಸಿ, ಚಂದ್ರಿಯ ಮಗ್ಗುಲಿಗೆ ಇಟ್ಟು ಬಂದೆ.

ಮರುದಿನ ಬೆಳಿಗ್ಗೆ ಅದು ಚಂದ್ರಿಯ ಹೊಟ್ಟೆಯ ಕೆಳಗೆ ಸೆಟೆದುಕೊಂಡು ಬಿದ್ದಿತ್ತು.

"ಇಕಿನೇ ಮ್ಯಾಲ ಮಲಗಿ ಕೊಂದಾಳ," ಎಂದರು ನಿಮ್ಮ ಮುತ್ಯಾ.

"ತಾಯಿ ಆಗಾಕ ಲಾಯಕ್ ಇಲ್ಲ ಬಿಡು ಅದು," ಎಂದರು ನಮ್ಮ ಅತ್ತೆ.

ನಾನು ಒಳಲೆ ತೊಳೆಯುತ್ತಿದ್ದೆ. ಮರಿಯ ಮೂಗಿನಿಂದ ಹಾಲು ಬಂದದ್ದನ್ನು ಹೇಳಲಿಲ್ಲ. ತೊಳೆದದ್ದನ್ನೇ ಮತ್ತೆ ತೊಳೆದೆ.

ಉಳಿದ ಮರಿಗಳು ಹಾಲು ಬಿಟ್ಟ ಮೇಲೆ ಚಂದ್ರಿಯನ್ನು ಶಹಾಪುರ ಕಡೆಯ ಕುರಿಗಾರನೊಬ್ಬನಿಗೆ ಕೊಟ್ಟುಬಿಟ್ಟರು. ಅವನು ಹಗ್ಗ ಜಗ್ಗಿದಾಗ ಅದು ತಿರುಗಿ ನನ್ನನ್ನೇ ನೋಡಿತು. (ದಿನಾ ರೊಟ್ಟಿ ಹಾಕುವವಳು ನಾನಲ್ಲವೆ, ಅದಕ್ಕೇ ಇರಬೇಕು. ಹಾಗೆಂದುಕೊಂಡೆ.) ಮುಂದಿನ ವರ್ಷ ನಿಮ್ಮ ಮುತ್ಯಾ ಇನ್ನೊಂದು ಬಡಕಲು ಮರಿಯನ್ನು ಮೊಣಕಾಲಿನ ಮೇಲೆ ಬೋರಲಾಗಿ, ಗೋಡೆಗೆ ಹತ್ತಿದ ಹಲ್ಲಿಯಂತೆ ಕೂರಿಸಿ ಹಾಲು ಕುಡಿಸಿದರು. ಹಿಂದಿನ ವರ್ಷದ ಮರಿ ಸತ್ತದ್ದು ಯಾಕೆಂದು ಪಕ್ಕದಲ್ಲಿ ನಿಂತಿದ್ದ ನನಗೆ ಆಗ ತಿಳಿಯಿತು. ಅವತ್ತೂ ಹೇಳಲಿಲ್ಲ.

ನಮ್ಮ ಮನೆಯಲ್ಲಿ ಚಂದ್ರಿ ಎನ್ನುವುದು ಬೈಗುಳವಾಯಿತು. ಯಾರ ಕೂಸು ಅಂಗಳದಲ್ಲಿ ಎಡವಿ ಬಿದ್ದರೂ, "ಏ ಚಂದ್ರಿ, ಕೂಸಿನ ಕಡಿ ಲಕ್ಷ್ಯ ಇರಲಿ!" ಎಲ್ಲರೂ ನಗುತ್ತಾರೆ. ನಿಮ್ಮ ಮುತ್ಯಾ ಹೋಗಿ ಆರು ವರ್ಷವಾಯಿತು. ಬೈಗುಳ ಇನ್ನೂ ಇದೆ.

ಸೋಮವಾರ ಹೊಲದಿಂದ ಬಂದ ಬಸವರಾಜ ಉಬ್ಬಸಪಡುತ್ತಿದ್ದ ಮರಿಯನ್ನು ನೋಡಿದ. "ರಾಣಿ ತುಳದಾಳೇನು? ಇಕಿನೂ ಚಂದ್ರಿನೇ ಆದಳಲ್ಲ!"

"ಇಲ್ಲಪ್ಪ, ರಾಣಿದೇನೂ ತಪ್ಪಿಲ್ಲ," ಎಂದಳು ಕಾವೇರಿ. "ನಾನೇ ಅಂಗಾತ ಹಿಡದು ಕುಡಿಸಿದೆ. ಮೂಗಿನ್ಯಾಗ ಹಾಲು ಬಂತು."

ಅಳುತ್ತಲೇ, ಆದರೆ ಒಂದೇ ಉಸಿರಿಗೆ. ಇಷ್ಟು ಸಣ್ಣ ಮಾತೇ ಅದು?

ಬಸವರಾಜ ಬೈದ. ಬೈಯುತ್ತಲೇ ಮರಿಯನ್ನು ಟವೆಲಿನಲ್ಲಿ ಸುತ್ತಿ, ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸುರಪುರದ ದನದ ದವಾಖಾನೆಗೆ ಓಡಿದ. ಆದದ್ದೇನೆಂದು ಕಾವೇರಿ ಸರಿಯಾಗಿ ಹೇಳಿದ್ದರಿಂದ ಡಾಕ್ಟರ್ ಕೂಡಲೇ ಇಂಜೆಕ್ಷನ್ ಕೊಟ್ಟರಂತೆ. ಮೂರು ದಿನ ಎದೆ ಗೊರಗೊರ ಎಂದಿತು. ಈಗ ಇದನ್ನು ಬರೆಯುತ್ತಿರುವಾಗ ಮರಿ ಅಣ್ಣಂದಿರನ್ನು ತಾನೇ ನೂಕುತ್ತಿದೆ.

ನಿನ್ನೆ ಊಟಕ್ಕೆ ಕೂತಾಗ ನಾನು ಮಗನಿಗೆ ಹೇಳಿದೆ. "ಬಸು, ಚಂದ್ರಿ ಮರಿ ಕೊಂದಿರಲಿಲ್ಲೋ. ನಾನು ಕೊಂದಿದ್ದೆ." ಒಳಲೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಅವನ ಕೈಯ ತುತ್ತು ನಿಂತಿತು. "ಅಪ್ಪಗ ಗೊತ್ತಿತ್ತೇನು?"

"ಇಲ್ಲ."

ತಾಟು ಪಕ್ಕಕ್ಕೆ ಸರಿಸಿದ. ಆಮೇಲೆ ನನ್ನ ಕೈ ಹಿಡಿದು, "ಹೋಗ್ಲಿ ಬಿಡವ್ವ. ನೀ ಮೊದಲಿಂದ ನಾಚಿಕಿ ಸ್ವಭಾವದಾಕಿ," ಎಂದ.

ಒಂದು ನಾಯಿಯ ಹೆಸರು ನಲವತ್ತು ವರ್ಷ ಬೈಗುಳವಾಗಿದ್ದಾಗ ಸುಮ್ಮನೆ ಕೂತದ್ದಕ್ಕೆ ನಾಚಿಕೆ ಸ್ವಭಾವ ಎನ್ನುತ್ತಾರೆಯೆ, ಮಕ್ಕಳೇ?