ರತ್ನಕ್ಕನ ಇಪ್ಪತ್ತು ನಿಮಿಷ

ಒಂದು ಐದು ನಿಮಿಷ ಕೂತು ಕೇಳಿ ಮಾರಾಯ್ರೆ, ಸನ್ಮಾನದ ಲೇಖನ ಅಂತ ಪುಟ ಮಗುಚಬೇಡಿ. ಮಣಿಪಾಲದಲ್ಲಿ ಜೀವಕೋಶ ಬೆಳೆಸುವ ಕೆಲಸ ಕಲಿತ ಯಾರನ್ನೇ ಕೇಳಿ, "ರತ್ನಕ್ಕ ಕಲಿಸಿದ್ದು" ಅಂತಾರೆ. ದಿನಾ ಕಾರ್ಕಳದಿಂದ ಬಸ್ಸಿನಲ್ಲಿ ಬಂದು, ಮೂವತ್ತೊಂದು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿ ದುಡಿದು, ಈ ೨೦೦೯ರಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ರತ್ನಾವತಿಯವರೇ ಆ ರತ್ನಕ್ಕ.

ಅವರದ್ದೊಂದು ಕಟ್ಟಳೆ ಉಂಟು. ಕರುಳಿನ ಕೋಶಗಳನ್ನು ತೆಳು ಜಾಲರಿಯ ಮೇಲೆ ಬೆಳೆಸಿ, ಮೇಲೊಂದು ಕೆಳಗೊಂದು ಕಡ್ಡಿ ಅದ್ದಿ ಸಣ್ಣ ಕರೆಂಟು ಬಿಡುವುದು. ಕೋಶಗಳ ನಡುವಿನ ಸಂದು ಬಿಗಿ ಇದ್ದರೆ ಕರೆಂಟು ನುಸುಳುವುದಿಲ್ಲ, ಮೀಟರಿನಲ್ಲಿ ಓಮ್, ಅಂದರೆ ಕರೆಂಟಿಗೆ ಆಗುವ ತಡೆಯ ಅಳತೆ, ಏರುತ್ತದೆ. ಆದರೆ ಪ್ಲೇಟು ತಣ್ಣಗಾದರೂ ಓಮ್ ಏರುತ್ತದಲ್ವಾ! ಅದಕ್ಕೇ ಎಲ್ಲ ಪ್ಲೇಟುಗಳನ್ನೂ ಬೆಚ್ಚನೆಯ ಇನ್‌ಕ್ಯುಬೇಟರಿನಿಂದ ಒಟ್ಟಿಗೆ ತೆಗೆದು, ಇಪ್ಪತ್ತು ನಿಮಿಷ ಮೇಜಿನ ಮೇಲೆ ಬಿಟ್ಟು, ಎಲ್ಲದರ ಬಿಸಿ ಒಂದೇ ಆದ ಮೇಲೇ ಅಳೆಯಬೇಕು. "ಅವು ಸ್ವಲ್ಪ ಸುಧಾರಿಸಿಕೊಳ್ಳಲಿ. ನೀನು ಹೋಗಿ ಚಾ ಕುಡಿದು ಬಾ."

ಕಾಪುವಿನ ಶಾಝಿಯಾ ೨೦೦೩ರಲ್ಲಿ ಆ ಚಾ ಕುಡಿಯಲಿಲ್ಲ. ಪಿಎಚ್.ಡಿ.ಗೆ ಸೇರಿ ಎರಡು ವರ್ಷ, ಕೈಯಲ್ಲಿ ಒಂದೂ ಫಲಿತಾಂಶ ಇಲ್ಲ, ಈ ಸಲವೂ ಇಲ್ಲದಿದ್ದರೆ ಸೀಟೇ ಇಲ್ಲ. ಮೇಲಿಂದ ಐದೂಕಾಲರ ಬಸ್ಸಿನ ಗಡಿಬಿಡಿ. ಒಂದು ಔಷಧ ಆ ಸಂದನ್ನು ಬಿಗಿ ಮಾಡುತ್ತದಾ ಅಂತ ನೋಡುವುದು ಅವಳ ಕೆಲಸ. ಔಷಧ ಹಾಕದ ಪ್ಲೇಟನ್ನು ಬಿಸಿಬಿಸಿಯಾಗಿಯೇ ಅಳೆದಳು. ಔಷಧ ಹಾಕಿದ್ದು ಅಷ್ಟು ಹೊತ್ತೂ ಎಸಿಯ ಕೆಳಗೆ ಕೂತಿತ್ತು. ಅದರ ಓಮ್ ಎಷ್ಟೋ ಹೆಚ್ಚು! ಔಷಧ ಸಂದು ಬಿಗಿ ಮಾಡಿತು ಅಂತ ಅವಳ ಗೈಡ್ ಬ್ಯಾಪ್ಟಿಸ್ಟ್ ಸರ್ ಕುಣಿಯುವುದೊಂದು ಬಾಕಿ. ಮರುದಿನವೇ ಸಮ್ಮೇಳನಕ್ಕೆ ಸಾರಾಂಶ ಟೈಪಾಯಿತು, ನಾಲ್ಕು ಗಂಟೆಗೆ ಫ್ಯಾಕ್ಸು.

ಮೂರು ನಲವತ್ತಕ್ಕೆ ರತ್ನಕ್ಕ ಅವಳ ಲ್ಯಾಬ್ ಪುಸ್ತಕದಲ್ಲಿ ಅಳೆದ ಸಮಯ ನೋಡಿದರು.

"ನಿನ್ನೆ ಚಾ ಯಾವಾಗ ಕುಡಿದೆ?"

"ಇಲ್ಲ ರತ್ನಕ್ಕ, ಬಸ್ಸು..." ಅಂದವಳಿಗೆ ಅರ್ಧದಲ್ಲೇ ಗೊತ್ತಾಯಿತು. "ಸರ್‌ಗೆ ಹೇಳ್ತೀರಾ?"

"ನಾನು ಎಂತ ಹೇಳುವುದು? ಪುಸ್ತಕ ನಿನ್ನದು." ಕಾರಿಡಾರಿನ ಬೆಂಚಿನಲ್ಲಿ ಕೂರಿಸಿ, ತಮ್ಮ ಫ್ಲಾಸ್ಕಿನ ಚಾ ಬಗ್ಗಿಸಿ ಕೊಟ್ಟರು. "ಫ್ಯಾಕ್ಸಿಗೆ ಇಪ್ಪತ್ತು ನಿಮಿಷ ಉಂಟು. ನೀನೂ ಸುಧಾರಿಸಿಕೋ."

ಹದಿನೆಂಟನೇ ನಿಮಿಷಕ್ಕೆ ಶಾಝಿಯಾ ಎದ್ದು ಹೋಗಿ ಹೇಳಿದಳು. ಫ್ಯಾಕ್ಸು ಹೋಗಲಿಲ್ಲ, ಸರ್ ಬೈದದ್ದು ಕ್ಯಾಂಟೀನಿಗೂ ಕೇಳಿತಂತೆ. ಪುನಃ ಅಳೆದರೆ ಆ ಔಷಧದಲ್ಲಿ ಎಂತದೂ ಇಲ್ಲ! ಬೈದು ಸುಸ್ತಾದ ಸರ್ ಹೇಗೋ ಒಂದು ವರ್ಷ ಹೆಚ್ಚು ಕೊಡಿಸಿದರು. ಆ ವರ್ಷದ ಭಾನುವಾರಗಳಲ್ಲೆಲ್ಲ ಕಾರ್ಕಳದಿಂದ ಬಂದು ಅವಳ ಕೋಶಗಳನ್ನು ಸಾಕಿದವರು ರತ್ನಕ್ಕ. ಇವತ್ತು ಡಾಕ್ಟರ್ ಶಾಝಿಯಾ ಅದೇ ಲ್ಯಾಬಿನಲ್ಲಿ ಕಲಿಯುವ ನಮ್ಮನ್ನೆಲ್ಲ ಚಾ ಕುಡಿಯಲಿಕ್ಕೆ ಓಡಿಸುತ್ತಾರೆ.

ರತ್ನಕ್ಕ, ನಿಮ್ಮ ಆಯುಷ್ಯ ಗಟ್ಟಿ ಇರಲಿ. ಸಂಶಯ ಬಂದಾಗೆಲ್ಲ ಪುಸ್ತಕ ಹಿಡಿದು ಕಾರ್ಕಳಕ್ಕೇ ಬರುತ್ತೇವೆ, ಕಲಿಸುವುದನ್ನು ನಿಲ್ಲಿಸಬೇಡಿ.

ಓದುವವರೇ, ಈಗ ನೀವು ಹೇಳಿ: ಆ ಬೆಂಚು, ಕೈಯಲ್ಲಿ ಚಾ, ಒಳಗೆ ಫ್ಯಾಕ್ಸು ತಯಾರು, ಗೊತ್ತಿರುವ ಒಬ್ಬ ರತ್ನಕ್ಕನೂ ಬಾಯಿ ಬಿಡುವವರಲ್ಲ. ನೀವಾಗಿದ್ದರೆ ಎಂತ ಮಾಡುತ್ತಿದ್ದಿರಿ?