ನಾಲ್ಕರ ಬಸ್ಸಿನ ಸಾಕ್ಷಿ

ಹೊಗಳುವುದು ನನಗೆ ಬರುವುದಿಲ್ಲ. ಊಟ ರುಚಿಯಾಗಿದೆ ಎಂದು ಯಾರಾದರೂ ಅಂದರೆ 'ಯಾವುದಕ್ಕೆ ಹೋಲಿಸಿ?' ಎಂದು ಕೇಳುವ ಚಾಳಿ ವಿಶ್ವವಿದ್ಯಾಲಯದಲ್ಲಿ ಅಂಟಿದ್ದು, ಮದುವೆಯಾದ ಮೇಲೂ ಹೋಗಿಲ್ಲ. ಇಂಥವನಿಗೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಸಹೋದ್ಯೋಗಿ ನಸೀಮಾ ಮೇಡಂ ಬಗ್ಗೆ ಒಂದು ಪುಟ ಒಳ್ಳೆಯ ಮಾತು ಬರೆದುಕೊಡಲು ಹೇಳಿದರು. ಅರ್ಥಶಾಸ್ತ್ರ ಕಲಿಸುವ ಅವರ ಗುತ್ತಿಗೆ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಸಮಿತಿ ಕೂರಲಿತ್ತು.

ಇಂಥ ಪತ್ರಗಳೆಲ್ಲ ಒಂದೇ ಮುಖದವು: ಶಿಸ್ತು, ಸಮಯಪಾಲನೆ, ಸೌಜನ್ಯ. ಓದಿದರೆ ಮನುಷ್ಯರ ಬಗ್ಗೆ ಬರೆದದ್ದೋ ಗೋಡೆ ಗಡಿಯಾರದ ಬಗ್ಗೆಯೋ ತಿಳಿಯುವುದಿಲ್ಲ. ನನಗೆ ಪುರಾವೆ ಬೇಕು. ನೆನಪಾಯಿತು: ಮೇಡಂ ಅವರ ಕೊನೆಯ ಪೀರಿಯಡ್ ಯಾವಾಗಲೂ ತುಂಬಿರುತ್ತದೆ! ಇದು ಸಣ್ಣ ಮಾತಲ್ಲ. ರಾಯಚೂರಿನ ಹೊರಗಿರುವ ನಮ್ಮ ಕಾಲೇಜಿನಿಂದ ನಾಲ್ಕರ ಬಸ್ಸು ತಪ್ಪಿದರೆ, ಊರೊಳಗೆ ಹಿಡಿಯಬೇಕಾದ ದೇವದುರ್ಗ, ಮಾನ್ವಿ ಬಸ್ಸುಗಳೂ ತಪ್ಪುತ್ತವೆ. ಸೀಟು ಹಿಡಿಯಲು ಹುಡುಗರು ಮೊದಲೇ ಓಡುತ್ತಾರೆ. ಕೊನೆಯ ಪೀರಿಯಡ್‌ನಲ್ಲಿ ನಾನು ಬೆಂಚುಗಳಿಗೆ ತತ್ವಶಾಸ್ತ್ರ ಹೇಳುತ್ತೇನೆ; ಅವೂ ಒಪ್ಪಿದಂತೆ ಕಾಣುವುದಿಲ್ಲ.

ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋಗಿ ಆಟೋದಲ್ಲಿ ಮನೆಗೆ ಬಂದವನು ನಾನು. ಪರೀಕ್ಷಿಸಲು ಕೊನೆಯ ಪೀರಿಯಡ್‌ನಲ್ಲಿ ಅವರ ಕ್ಲಾಸಿನ ಕೋಣೆಗೆ ಹೋದೆ. ಖಾಲಿ! ಬೋರ್ಡಿನ ಮೇಲೆ 'ಬೇಡಿಕೆ' ಎಂದಷ್ಟೇ ಬರೆದಿತ್ತು. ತುಂಬಿದ ಕ್ಲಾಸು ಎಂದು ಬರೆದರೆ ಸುಳ್ಳು. ಬರೆಯದಿದ್ದರೆ ಅವರ ಕೆಲಸಕ್ಕೇ ಸಂಚಕಾರ.

ಪೆಚ್ಚಾಗಿ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ರೂಢಿಯಂತೆ ಕಣ್ಣು ಮುಚ್ಚಿದೆ. ಹಿಂದಿನಿಂದ ಮೇಡಂ ದನಿ:

"ಸೀಟು ಕಡಿಮಿ ಅದಾವ, ಮಂದಿ ಭಾಳ ಅದಾರ. ಈಗ ಸೀಟಿನ ಬೆಲಿ ಏನಾಗ್ತದ?"

"ಏರ್ತದ್ರೀ ಮೇಡಂ!" ಎಂದಿತು ಇಡೀ ಬಸ್ಸು.

"ನಾ ಏರ್ಸಂಗಿಲ್ಲ ಬಿಡ್ರಿ," ಎಂದ ಕಂಡಕ್ಟರ್.

ಕಣ್ಣು ಬಿಟ್ಟೆ. ದಿನಾ ಅರೆನಿದ್ದೆಯಲ್ಲಿ ಕೇಳಿಸಿಕೊಂಡ, ನನ್ನ ನೆನಪಿನ ತುಂಬಿದ ಕ್ಲಾಸು ಇದೇ! ಕ್ಲಾಸು ಸರಿಯಿತ್ತು, ಕೋಣೆಯಷ್ಟೇ ತಪ್ಪಾಗಿತ್ತು.

"ಮೇಡಂ, ದಿನಾ ಇಲ್ಲೇ ಪಾಠ ಮಾಡಾಕತ್ತೀರೇನು?"

"ಹೂಂ ಸರ್. ಹುಡುಗ್ರು ಇಲ್ಲೇ ಇರ್ತಾರಲ್ರೀ. ನೀವು ಮುಂದ ಗೊರಕಿ ಹೊಡೀತಿರ್ತೀರಿ, ಅದಕ್ಕ ಸ್ವಲ್ಪ ಜೋರು ಹೇಳ್ತೀನಿ."

ಬಸ್ಸಿನಲ್ಲಿ ಪಾಠ ಎಂದು ಬರೆದರೆ ಸಮಿತಿ ನಿಯಮದ ಪುಸ್ತಕ ತೆಗೆಯುತ್ತದೆ. ಯೋಚಿಸಿ ಬರೆದೆ: 'ಇವರ ಕೊನೆಯ ಪೀರಿಯಡ್ ತುಂಬಿರುತ್ತದೆ. ಅನುಮಾನವಿದ್ದರೆ ನಾಲ್ಕರ ಬಸ್ಸಿಗೆ ಬಂದು ನೋಡಬಹುದು. ಸ್ವಲ್ಪ ಮೊದಲೇ ಬನ್ನಿ.'

ಸಮಿತಿಯ ಅಧ್ಯಕ್ಷರು ಬಂದರಂತೆ, ತಡವಾಗಿ. ರಾಯಚೂರಿನವರೆಗೆ ನಿಂತೇ ಪಾಠ ಕೇಳಿ, ಇಳಿಯುವಾಗ "ನಾಳಿ ಏನದರೀ ಪಾಠ?" ಅಂದರಂತೆ. 'ಅಂತೆ' ಎನ್ನುವುದೇಕೆಂದರೆ ನಾನು ಅಲ್ಲೇ ಇದ್ದೆ, ಎಚ್ಚರವಿರಲಿಲ್ಲ. ಮೇಡಂ ಈ ವರ್ಷವೂ ಹಿಂದಿನ ಸೀಟಿನಿಂದ ದನಿ ಏರಿಸುತ್ತಿದ್ದಾರೆ. ಹಾಗಾಗಿ ಮಾತು ನಿಜವೇ ಇರಬೇಕು.